ಹದಿಹರೆಯದವರ ಕೈಯಲ್ಲಿ ಜಾಲತಾಣ: ಮೊದಲು ಏನು, ಆಮೇಲೆ ಏನು

ರಾತ್ರಿ ಹನ್ನೊಂದೂವರೆಗೆ ಮಗಳ ಕೋಣೆಯ ಬಾಗಿಲಿನ ಸಂದಿಯಲ್ಲಿ ಮೊಬೈಲಿನ ಬೆಳಕು ಕಾಣುತ್ತದೆ. ಸಿಟ್ಟು ನೆತ್ತಿಗೇರುತ್ತದೆ. ಮೊಬೈಲ್ ಕಿತ್ತುಕೊಂಡು, ನಾಳೆಯಿಂದ ದಿನಕ್ಕೆ ಅರ್ಧ ಗಂಟೆ ಮಾತ್ರ ಎಂದು ಘೋಷಿಸುತ್ತೀರಿ. ಮೂರು ದಿನ ಮನೆಯಲ್ಲಿ ಬಿಗುವಾದ ಮೌನ. ನಾಲ್ಕನೆಯ ದಿನ ತರಗತಿಯ ಗ್ರೂಪಿನಲ್ಲಿ ಹೋಂವರ್ಕ್ ಬಂದಿದೆ ಎಂಬ ಕಾರಣಕ್ಕೆ ಮೊಬೈಲ್ ಮರಳಿ ಹೋಗುತ್ತದೆ. ಎರಡನೆಯ ವಾರ ಎಲ್ಲವೂ ಮೊದಲಿನಂತೆಯೇ. ಮೂರನೆಯ ವಾರದ ಹೊತ್ತಿಗೆ ನಿಮಗೆ ತಿಳಿಯದ ಎರಡನೆಯ ಖಾತೆಯೊಂದು ಹುಟ್ಟಿಕೊಂಡಿರುತ್ತದೆ.

ನನ್ನ ಮಗನ ವಿಷಯದಲ್ಲಿ ನಾನು ಎರಡು ಸಲ ಹೀಗೆಯೇ ಸೋತೆ. ಆಮೇಲೆ ತಿಳಿದ ಸಂಗತಿ ಇಷ್ಟು: ಸಮಯದ ಮಿತಿ ಎನ್ನುವುದು ಆರನೆಯ ಹಂತ. ನಾನು ಅದನ್ನು ಮೊದಲನೆಯ ಹಂತವಾಗಿ ಇಟ್ಟಿದ್ದೆ. ಸುಮಾರು ಹನ್ನೊಂದರಿಂದ ಹದಿನೇಳು ವರ್ಷದ ಮಕ್ಕಳಿರುವ ಮನೆಗೆ ಕೆಲಸದ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ. ಪ್ರತಿಯೊಂದು ಹಂತವೂ ಹಿಂದಿನದರ ಮೇಲೆ ನಿಂತಿದೆ.

## ಶುರುಮಾಡುವ ಮುನ್ನ ಕೈಗೆ ಬೇಕಾದವು

ಒಂದು ನೋಟ್‌ಬುಕ್. ಮನೆಯಲ್ಲಿ ಎಷ್ಟು ಜನರಿದ್ದಾರೋ ಅಷ್ಟು ಸಾದಾ ಅಲಾರಾಂ ಗಡಿಯಾರಗಳು. ಮಲಗುವ ಕೋಣೆಗಳ ಹೊರಗೆ, ಎಲ್ಲರ ಮೊಬೈಲುಗಳನ್ನೂ ಒಟ್ಟಿಗೆ ಚಾರ್ಜ್ ಮಾಡಬಹುದಾದ ಒಂದು ಜಾಗ. ಫೋನಿನಲ್ಲಿಯೇ ಇರುವ ಅಳತೆಯ ಸಾಧನ: ಐಫೋನಿನಲ್ಲಿ ಸ್ಕ್ರೀನ್ ಟೈಮ್, ಆಂಡ್ರಾಯ್ಡಿನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್. ಮಗು ಚಿಕ್ಕದಾಗಿದ್ದರೆ, ಅದರ ಫೋನಿನ ಬಳಕೆಯನ್ನು ಪಾಲಕರು ನೋಡಿ ನಿಯಂತ್ರಿಸಬಹುದಾದ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಕೂಡ ನೆರವಾಗುತ್ತದೆ. ಇವೆಲ್ಲಕ್ಕಿಂತ ಹೆಚ್ಚಾಗಿ ಆರು ವಾರಗಳ ತಾಳ್ಮೆ ಬೇಕು.

ಮನೆಯಲ್ಲಿ ಇಬ್ಬರು ಹಿರಿಯರಿದ್ದರೆ ಮಕ್ಕಳೊಂದಿಗೆ ಮಾತಾಡುವ ಮೊದಲು ನೀವಿಬ್ಬರೂ ಕುಳಿತು ಒಮ್ಮತಕ್ಕೆ ಬನ್ನಿ. ಒಬ್ಬರು ಬೇಡ ಎಂದದ್ದನ್ನು ಇನ್ನೊಬ್ಬರು ಹೋಗಲಿ ಬಿಡು ಎಂದು ಕೊಡುವ ಮನೆಯಲ್ಲಿ ಯಾವ ನಿಯಮವೂ ಹತ್ತು ದಿನ ಬಾಳುವುದಿಲ್ಲ.

ಬೇಡವಾದ ಸಾಧನವೊಂದಿದೆ: ಮಗುವಿಗೆ ತಿಳಿಯದಂತೆ ಸಂದೇಶಗಳನ್ನು ಓದುವ ಗೂಢಚಾರಿ ಆ್ಯಪ್. ಅದು ಒಂದಲ್ಲ ಒಂದು ದಿನ ಮಗುವಿನ ಕಣ್ಣಿಗೆ ಬೀಳುತ್ತದೆ. ಆ ದಿನದಿಂದ ಮಗು ನಿಮ್ಮಿಂದ ಬಚ್ಚಿಡುವುದನ್ನು ಕಲಿಯುತ್ತದೆ, ಮುಂದೆ ನಿಜವಾದ ಅಪಾಯ ಬಂದಾಗಲೂ ನಿಮ್ಮ ಬಳಿಗೆ ಬರುವುದಿಲ್ಲ. ಮೇಲ್ವಿಚಾರಣೆ ಬೇಕಿದ್ದರೆ ಮಗುವಿಗೆ ಹೇಳಿಯೇ ಮಾಡಿ.

## ಹಂತ 1: ಒಂದು ವಾರ ಸುಮ್ಮನೆ ಗಮನಿಸಿ

ಈ ವಾರ ಯಾವ ನಿಯಮವೂ ಇಲ್ಲ. 'ನಮ್ಮೆಲ್ಲರ ಮೊಬೈಲ್ ಬಳಕೆ ಹೇಗಿದೆ ಎಂದು ಒಂದು ವಾರ ಬರೆದಿಡೋಣ, ನಾನೂ ಬರೆಯುತ್ತೇನೆ' ಎಂದು ಹೇಳಿ. ಪ್ರತಿದಿನ ಸಂಜೆ ಐದು ನಿಮಿಷ ಸಾಕು. ಅಂದು ಹೆಚ್ಚು ತೆರೆದ ಆ್ಯಪ್ ಯಾವುದು, ದಿನದ ಯಾವ ಹೊತ್ತಿನಲ್ಲಿ, ಅದನ್ನು ಮುಚ್ಚಿದಾಗ ಮನಸ್ಸು ಹೇಗಿತ್ತು ಎಂಬುದನ್ನು ಬರೆಯಿರಿ. ಮೂರನೆಯದನ್ನು ಬಿಡಬೇಡಿ. ಮುಂದಿನ ಹಂತಗಳಿಗೆಲ್ಲ ಕಾಳು ಸಿಗುವುದು ಅದರಲ್ಲಿಯೇ.

ಒಟ್ಟು ಗಂಟೆಗಳ ಲೆಕ್ಕವೊಂದೇ ಮೋಸ ಮಾಡುತ್ತದೆ. ಗೆಳತಿಯೊಂದಿಗೆ ವಿಡಿಯೊ ಕರೆಯಲ್ಲಿ ಗಣಿತ ಬಿಡಿಸಿದ ಒಂದು ಗಂಟೆಯೂ, ಬೆರಳು ತಾನಾಗಿ ಮೇಲೆ ತಳ್ಳುತ್ತ ರೀಲ್ಸ್ ನೋಡಿದ ಒಂದು ಗಂಟೆಯೂ ಪರದೆಯ ಲೆಕ್ಕದಲ್ಲಿ ಸಮವಾಗಿ ಕಾಣುತ್ತವೆ. ಆದ್ದರಿಂದ ಬಳಕೆಯನ್ನು ಮೂರು ಗುಂಪಾಗಿ ನೋಡಿ: ಗುರುತಿನವರೊಡನೆ ಮಾತು, ತಾನೇ ಏನಾದರೂ ಮಾಡಿ ಹಾಕುವುದು ಅಥವಾ ಬೇಕೆಂದು ಹುಡುಕಿ ಕಲಿಯುವುದು, ಮತ್ತು ಗುರಿಯಿಲ್ಲದ ನೋಟ. ನಾವು ಕಡಿಮೆ ಮಾಡಬೇಕಾದದ್ದು ಮುಖ್ಯವಾಗಿ ಮೂರನೆಯದನ್ನು.

ಹಾಗೆಂದು ಗಂಟೆಗಳಿಗೆ ಅರ್ಥವೇ ಇಲ್ಲ ಎನ್ನಲಾಗದು. ಅಮೆರಿಕದ ಸರ್ಜನ್ ಜನರಲ್ (ಸಾರ್ವಜನಿಕ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಮಾತಾಡುವ ಹಿರಿಯ ವೈದ್ಯಾಧಿಕಾರಿ) ಆಗಿದ್ದ ಡಾ. ವಿವೇಕ್ ಮೂರ್ತಿ 2023ರ ಮೇ ತಿಂಗಳಲ್ಲಿ ಹೊರಡಿಸಿದ ಸಲಹಾಪತ್ರವು, ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಹೊತ್ತು ಸಾಮಾಜಿಕ ಜಾಲತಾಣಗಳಲ್ಲಿ ಕಳೆಯುವ ಹದಿಹರೆಯದವರಲ್ಲಿ ಖಿನ್ನತೆ ಮತ್ತು ಆತಂಕದ ಲಕ್ಷಣಗಳ ಅಪಾಯ ಎರಡು ಪಟ್ಟು ಎಂದು ಹೇಳಿತು. ಇಲ್ಲಿ ಒಂದು ಎಚ್ಚರ ಬೇಕು. ಎರಡೂ ಜೊತೆಯಲ್ಲಿ ಕಾಣುತ್ತವೆ ಎಂದರೆ ಒಂದು ಇನ್ನೊಂದಕ್ಕೆ ಕಾರಣ ಎಂದು ಸಾಬೀತಾದಂತಲ್ಲ. ಮೊದಲೇ ನೊಂದ ಮಗು ಮೊಬೈಲಿನ ಮೊರೆ ಹೋಗಿರಲೂಬಹುದು. ಮೂರು ಗಂಟೆಯ ಗೆರೆಯನ್ನು ತೀರ್ಪೆಂದು ಹಿಡಿಯಬೇಡಿ, ಅದು ಹತ್ತಿರ ಹೋಗಿ ನೋಡಬೇಕೆಂಬ ಸೂಚನೆ ಮಾತ್ರ.

ಸಾಮಾನ್ಯ ತಪ್ಪು: ಗಮನಿಸುವ ವಾರದಲ್ಲಿಯೇ ಟೀಕೆ ಶುರುವಾಗುವುದು. 'ನೋಡು, ಐದು ಗಂಟೆ!' ಎಂಬ ಒಂದು ಉದ್ಗಾರ ಸಾಕು, ಮರುದಿನದಿಂದ ಪುಸ್ತಕದಲ್ಲಿ ಸುಳ್ಳು ತುಂಬುತ್ತದೆ. ಎರಡನೆಯ ತಪ್ಪು, ಹಿರಿಯರು ತಮ್ಮ ಲೆಕ್ಕವನ್ನು ಬರೆಯದಿರುವುದು.

## ಹಂತ 2: ಮೊದಲ ನಿಯಮ ರಾತ್ರಿಯದು

ಒಂದೇ ಒಂದು ಬದಲಾವಣೆ ಮಾಡಲು ಶಕ್ತಿಯಿದ್ದರೆ ಇದನ್ನೇ ಮಾಡಿ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಎಂಬುದು ನಿದ್ರಾತಜ್ಞರ ಶಿಫಾರಸು. ಆ ವಯಸ್ಸಿನಲ್ಲಿ ದೇಹದ ಗಡಿಯಾರವೇ ತಡವಾಗಿ ನಡೆಯುತ್ತದೆ, ಸಹಜವಾಗಿಯೇ ಬೇಗ ನಿದ್ದೆ ಹತ್ತುವುದಿಲ್ಲ. ಅದರ ಮೇಲೆ ಹಾಸಿಗೆಯಲ್ಲಿ ಮೊಬೈಲ್ ಸೇರಿದರೆ ಇನ್ನೊಂದೆರಡು ಗಂಟೆ ಕರಗಿಹೋಗುತ್ತದೆ. ಬೆಳಗ್ಗೆ ಶಾಲೆಯ ಸಮಯವಂತೂ ಮುಂದೆ ಹೋಗುವುದಿಲ್ಲ. ನಿದ್ದೆಗೆಟ್ಟ ಮಗುವಿನೊಡನೆ ನೀವು ಯಾವ ಒಪ್ಪಂದವನ್ನೂ ನೆಮ್ಮದಿಯಿಂದ ಮಾಡಲಾರಿರಿ. ಸಿಡುಕು, ಮರೆವು, ಅಳು ಎಲ್ಲವೂ ನಿದ್ದೆಯ ಕೊರತೆಯಿಂದಲೂ ಬರುತ್ತವೆ, ಆಮೇಲೆ ಯಾವುದಕ್ಕೆ ಯಾವುದು ಕಾರಣವೆಂದು ತಿಳಿಯುವುದೇ ಇಲ್ಲ.

ಹೀಗೆ ಮಾಡಿ. ಮಲಗುವ ಹೊತ್ತಿಗೆ ಅರ್ಧ ಗಂಟೆ ಮೊದಲು ಮನೆಯ ಎಲ್ಲ ಮೊಬೈಲುಗಳೂ ಚಾರ್ಜಿಂಗ್ ಜಾಗಕ್ಕೆ ಹೋಗಲಿ. ಎಲ್ಲ ಎಂದರೆ ನಿಮ್ಮದೂ ಸೇರಿ. ಎರಡು ವಾರ ಕಳೆದ ಮೇಲೆ ಅದನ್ನು ಒಂದು ಗಂಟೆಗೆ ಹಿಗ್ಗಿಸಿ. ಬೆಳಗ್ಗೆ ಏಳಲು ಅಲಾರಾಂ ಬೇಕು ಎಂಬ ಮಾತು ಖಂಡಿತ ಬರುತ್ತದೆ, ಅದಕ್ಕೆಂದೇ ಗಡಿಯಾರ ತಂದಿದ್ದೀರಿ. ಸಂಗೀತ ಕೇಳದಿದ್ದರೆ ನಿದ್ದೆ ಬರುವುದಿಲ್ಲ ಎಂದರೆ, ಇಂಟರ್ನೆಟ್ ಇಲ್ಲದ ಯಾವುದಾದರೂ ಸಾಧನ ಕೊಡಿ. ಗೆಳೆಯರು ತಪ್ಪು ತಿಳಿಯುತ್ತಾರೆ ಎಂದರೆ ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆ ವಯಸ್ಸಿನಲ್ಲಿ ಅದು ನಿಜವಾದ ಭಯ. 'ರಾತ್ರಿ ಹತ್ತರ ಮೇಲೆ ನಮ್ಮ ಮನೆಯಲ್ಲಿ ಮೊಬೈಲ್ ಹೊರಗಿರುತ್ತದೆ, ಬೆಳಗ್ಗೆ ಉತ್ತರಿಸುತ್ತೇನೆ' ಎಂದು ಗೆಳೆಯರಿಗೆ ಮೊದಲೇ ತಿಳಿಸಲು ಹೇಳಿ. ಬೇಕಿದ್ದರೆ ತಪ್ಪನ್ನೆಲ್ಲ ನಿಮ್ಮ ಮೇಲೆ ಹಾಕಲಿ. ಮಕ್ಕಳಿಗೆ ಇಂಥ ನೆಪ ಎಷ್ಟೋ ಸಲ ಬಿಡುಗಡೆಯಾಗಿಯೇ ಬರುತ್ತದೆ.

ಎಚ್ಚರಿಕೆಯ ಗುರುತು: ಮೊಬೈಲ್ ಹೊರಗಿದ್ದರೂ ಬೆಳಗ್ಗೆ ಕಣ್ಣು ಕೆಂಪಾಗಿದ್ದರೆ ಟ್ಯಾಬ್ಲೆಟ್, ಶಾಲೆಯ ಲ್ಯಾಪ್‌ಟಾಪ್, ಡ್ರಾಯರಿನಲ್ಲಿ ಬಿದ್ದಿದ್ದ ಹಳೆಯ ಫೋನ್ ಎಲ್ಲಿವೆ ಎಂದು ನೋಡಿ. ಸಿಕ್ಕಿದರೆ ಕೂಗಾಡಬೇಡಿ, ಅವುಗಳಿಗೂ ಅದೇ ಜಾಗ ತೋರಿಸಿ.

## ಹಂತ 3: ಖಾತೆಯ ಬಾಗಿಲುಗಳನ್ನು ಸರಿಪಡಿಸಿ

ಬಿಡುವಿನ ದಿನ ಒಂದು ಗಂಟೆ ಇಟ್ಟುಕೊಳ್ಳಿ. ಮೊಬೈಲ್ ಮಗುವಿನ ಕೈಯಲ್ಲಿಯೇ ಇರಲಿ, ನೀವು ಪಕ್ಕದಲ್ಲಿ ಕುಳಿತಿರಿ. ಸೆಟ್ಟಿಂಗ್ಸ್ ಎಲ್ಲಿದೆ ಎಂಬುದು ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಮೊದಲು ಜನ್ಮದಿನಾಂಕ ನೋಡಿ. ಇದನ್ನು ಬಹುತೇಕ ಪಾಲಕರು ಬಿಟ್ಟುಬಿಡುತ್ತಾರೆ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಮೊದಲಾದವುಗಳಲ್ಲಿ ಖಾತೆ ತೆರೆಯಲು ಕನಿಷ್ಠ 13 ವರ್ಷ ಆಗಿರಬೇಕು. ಹತ್ತನೆಯ ವಯಸ್ಸಿನಲ್ಲಿ ಖಾತೆ ತೆರೆಯಲು ಹೋದ ಮಗು ಸಿಕ್ಕ ಯಾವುದೋ ಇಸವಿ ಒತ್ತಿರುತ್ತದೆ. ಅಂದು ಹದಿನೆಂಟು ಎಂದು ಹೇಳಿದ್ದರೆ ಹದಿನಾಲ್ಕು ತುಂಬಿದ ಇಂದು ಜಾಲತಾಣದ ಲೆಕ್ಕದಲ್ಲಿ ಅದಕ್ಕೆ ಇಪ್ಪತ್ತೆರಡು. ಹದಿಹರೆಯದವರಿಗೆಂದು ಇರುವ ರಕ್ಷಣೆಗಳೆಲ್ಲ ಅದರ ಪಾಲಿಗೆ ಇಲ್ಲವಾಗುತ್ತವೆ, ದೊಡ್ಡವರ ಜಾಹೀರಾತು ಮತ್ತು ದೊಡ್ಡವರ ಸಂದೇಶಗಳು ಬರತೊಡಗುತ್ತವೆ. 2024ರ ಸೆಪ್ಟೆಂಬರಿನಲ್ಲಿ ಬಂದ ಇನ್‌ಸ್ಟಾಗ್ರಾಮಿನ ಟೀನ್ ಅಕೌಂಟ್ ವ್ಯವಸ್ಥೆಯಲ್ಲಿ ಖಾತೆ ತಾನಾಗಿ ಖಾಸಗಿಯಾಗಿರುತ್ತದೆ, ರಾತ್ರಿ ಹತ್ತರಿಂದ ಬೆಳಗ್ಗೆ ಏಳರವರೆಗೆ ನೋಟಿಫಿಕೇಷನ್ ಮೌನವಾಗುತ್ತದೆ, 16ಕ್ಕಿಂತ ಚಿಕ್ಕವರು ಈ ಬಿಗಿಯನ್ನು ಸಡಿಲಿಸಲು ಪಾಲಕರ ಒಪ್ಪಿಗೆ ಬೇಕು. ವಯಸ್ಸು ಸುಳ್ಳಾಗಿದ್ದರೆ ಇವುಗಳಲ್ಲಿ ಒಂದೂ ಕೆಲಸ ಮಾಡುವುದಿಲ್ಲ. ಮಗುವಿಗೆ ಇನ್ನೂ 13 ತುಂಬಿಲ್ಲದಿದ್ದರೆ ಖಾತೆ ಮುಚ್ಚಿ, ಕಾಯಿರಿ.

ಆಮೇಲೆ ಉಳಿದವು. ಖಾತೆ ಖಾಸಗಿಯಾಗಿರಲಿ. ಮಗುವನ್ನು ಫಾಲೋ ಮಾಡುತ್ತಿರುವವರ ಪಟ್ಟಿಯನ್ನು ಮೇಲಿಂದ ಕೆಳಗೆ ಒಟ್ಟಿಗೆ ಓದಿ. 'ಇವರನ್ನು ಎದುರಿಗೆ ಕಂಡಿದ್ದೀಯಾ?' ಎಂಬ ಒಂದೇ ಪ್ರಶ್ನೆ ಸಾಕು. ಕಾಣದವರನ್ನು ತೆಗೆದುಹಾಕಿ. ಸಂದೇಶ ಕಳಿಸುವ, ಟ್ಯಾಗ್ ಮಾಡುವ ಅವಕಾಶ ಗುರುತಿನವರಿಗೆ ಮಾತ್ರ ಇರಲಿ. ವಾಟ್ಸ್ಆ್ಯಪ್‌ನಲ್ಲಿ ಯಾರು ಬೇಕಾದರೂ ಗ್ರೂಪಿಗೆ ಸೇರಿಸುವಂತಿದ್ದರೆ ಅದನ್ನು ಸಂಪರ್ಕದಲ್ಲಿರುವವರಿಗೆ ಸೀಮಿತಗೊಳಿಸಿ. ಸ್ನ್ಯಾಪ್‌ಚಾಟ್ ನಕ್ಷೆಯಲ್ಲಿ ಘೋಸ್ಟ್ ಮೋಡ್ ಹಾಕಿ, ಇಲ್ಲವಾದರೆ ಮಗು ಎಲ್ಲಿದೆ ಎಂಬುದು ಪಟ್ಟಿಯಲ್ಲಿರುವವರಿಗೆಲ್ಲ ಕಾಣಬಹುದು. ಫೋನಿನ ಸೆಟ್ಟಿಂಗ್ಸಿನಲ್ಲಿಯೂ ಈ ಆ್ಯಪ್‌ಗಳಿಗೆ ಸ್ಥಳದ ಅನುಮತಿ ನಿಲ್ಲಿಸಿ. ಎರಡು ಹಂತದ ಲಾಗಿನ್ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಸಂಕೇತವನ್ನೂ ಕೇಳುವ ವ್ಯವಸ್ಥೆ) ಚಾಲೂ ಮಾಡಿ.

ಪಾಸ್‌ವರ್ಡ್ ಬಗ್ಗೆ ಪ್ರತ್ಯೇಕವಾಗಿ ಮಾತಾಡಿ. ಗೆಳೆತನದ ಗುರುತಾಗಿ ಪಾಸ್‌ವರ್ಡ್ ಹಂಚಿಕೊಳ್ಳುವುದು ಮಕ್ಕಳಲ್ಲಿ ಇದೆ. ಗೆಳೆತನ ಮುರಿದ ದಿನ ಅದೇ ಪಾಸ್‌ವರ್ಡಿನಿಂದ ಖಾತೆಯೊಳಗೆ ನುಗ್ಗಿ ಹಳೆಯ ಮಾತುಗಳನ್ನೆಲ್ಲ ಬಯಲು ಮಾಡಿದರೆ ಆ ನೋವು ಬೇಗ ಮಾಯುವುದಿಲ್ಲ.

## ಹಂತ 4: ಗಂಟೆ ಬಾರಿಸುವುದನ್ನು ನಿಲ್ಲಿಸಿ

ಇದು ಹತ್ತು ನಿಮಿಷದ ಕೆಲಸ. ನೋಟಿಫಿಕೇಷನ್ ಪಟ್ಟಿ ತೆರೆದು, ಮನುಷ್ಯರು ಕಳಿಸಿದ್ದನ್ನು ಮಾತ್ರ ಉಳಿಸಿ. ಯಂತ್ರ ಕಳಿಸುವುದನ್ನೆಲ್ಲ ನಿಲ್ಲಿಸಿ: ಯಾರೋ ಲೈವ್ ಬಂದಿದ್ದಾರೆ, ಯಾರೋ ಬಹಳ ದಿನಗಳ ಮೇಲೆ ಪೋಸ್ಟ್ ಹಾಕಿದ್ದಾರೆ, ನಿಮಗಿದು ಇಷ್ಟವಾಗಬಹುದು, ಇತ್ಯಾದಿ. ಲೈಕ್ ಬಂದ ಸುದ್ದಿಯನ್ನೂ ನಿಲ್ಲಿಸಿ. ಯೂಟ್ಯೂಬಿನಲ್ಲಿ ಒಂದರ ಹಿಂದೆ ಒಂದು ತಾನಾಗಿ ಓಡುವ ಆಟೊಪ್ಲೇ ನಿಲ್ಲಿಸಿ. ಇನ್‌ಸ್ಟಾಗ್ರಾಮಿನಲ್ಲಿ ಲೈಕ್‌ಗಳ ಸಂಖ್ಯೆಯನ್ನು ಮರೆಮಾಡುವ ಆಯ್ಕೆ 2021ರಿಂದಲೂ ಇದೆ, ಮಗು ಒಪ್ಪಿದರೆ ಅದನ್ನೂ ಬಳಸಿ.

## ಹಂತ 5: ಫೀಡನ್ನು ಮರಳಿ ಕಲಿಸಿ

ಫೀಡ್ ಎಂದರೆ ಆ್ಯಪ್ ತೆರೆದೊಡನೆ ಒಂದರ ಹಿಂದೆ ಒಂದು ಬರುವ ಪೋಸ್ಟ್ ಮತ್ತು ವಿಡಿಯೊಗಳ ಸಾಲು. ಹೆಚ್ಚಿನ ಮನೆಗಳಲ್ಲಿ ಈ ಹಂತ ನಡೆಯುವುದೇ ಇಲ್ಲ. ನನ್ನ ಅನುಭವದಲ್ಲಿ ಮಕ್ಕಳು ಅತ್ಯಂತ ಆಸಕ್ತಿಯಿಂದ ಕೂರುವುದು ಇಲ್ಲಿಯೇ, ಏಕೆಂದರೆ ಇಲ್ಲಿ ಯಾರೂ ಅವರಿಂದ ಏನನ್ನೂ ಕಿತ್ತುಕೊಳ್ಳುತ್ತಿಲ್ಲ.

ಮೊದಲು ಅದು ನಡೆಯುವ ಬಗೆಯನ್ನು ಹೇಳಿಕೊಡಿ. ಫೀಡ್ ಲೈಕ್‌ಗಳನ್ನು ಮಾತ್ರ ಎಣಿಸುವುದಿಲ್ಲ. ಯಾವ ವಿಡಿಯೊದ ಮೇಲೆ ಎಷ್ಟು ಹೊತ್ತು ನಿಂತೆ, ಯಾವುದನ್ನು ಎರಡನೆಯ ಸಲ ನೋಡಿದೆ, ಯಾವುದನ್ನು ಯಾರಿಗೆ ಕಳಿಸಿದೆ ಎಂಬುದೆಲ್ಲ ಅದಕ್ಕೆ ಸುಳಿವು. ಅಸಹ್ಯಪಟ್ಟು ನಿಂತು ನೋಡಿದರೂ ಅದಕ್ಕೆ ತಿಳಿಯುವುದು ನಿಂತದ್ದಷ್ಟೇ. ಹುಡುಗಿಯೊಬ್ಬಳು ತೂಕ ಇಳಿಸುವ ವಿಡಿಯೊವನ್ನು ಸಂಕಟದಿಂದ ಪೂರ್ತಿ ನೋಡಿದರೆ ಮರುದಿನ ಅಂಥವೇ ನಾಲ್ಕು ಬರುತ್ತವೆ. ಹುಡುಗರ ಕಡೆಗೆ ಇದೇ ಕೆಲಸ ಮಾಂಸಖಂಡ, ಹಣ, ಹೆಣ್ಣುಮಕ್ಕಳನ್ನು ಹೀಯಾಳಿಸುವ ಮಾತು ಇವುಗಳ ರೂಪದಲ್ಲಿ ನಡೆಯುತ್ತದೆ. ಹುಡುಗರಿಗೆ ದೇಹದ ಬಗ್ಗೆ ಕೀಳರಿಮೆ ಇರುವುದಿಲ್ಲ ಎಂದು ತಿಳಿದು ಸುಮ್ಮನಿರುವ ತಂದೆಯರು ದಯವಿಟ್ಟು ಈ ಸಾಲನ್ನು ಮತ್ತೊಮ್ಮೆ ಓದಿ.

ಈಗ ಕೆಲಸಕ್ಕೆ ಇಳಿಯಿರಿ. ಫಾಲೋ ಮಾಡುತ್ತಿರುವ ಖಾತೆಗಳನ್ನು ಒಂದೊಂದಾಗಿ ತೆರೆದು, 'ಇದನ್ನು ನೋಡಿ ಮುಗಿಸಿದ ಮೇಲೆ ನಿನಗೆ ಏನಾದರೂ ಮಾಡಬೇಕೆನ್ನಿಸುತ್ತದೆಯೇ, ಇಲ್ಲಾ ನಿನ್ನ ಬಗ್ಗೆಯೇ ಬೇಸರ ಬರುತ್ತದೆಯೇ?' ಎಂದು ಕೇಳಿ. ಬೇಸರ ತರಿಸುವವುಗಳಲ್ಲಿ ಅಂದು ಹತ್ತನ್ನು ಬಿಡಲಿ. ಗೆಳೆಯರ ಖಾತೆಯನ್ನು ಬಿಟ್ಟರೆ ಜಗಳವಾಗುತ್ತದೆ ಎಂದಿದ್ದರೆ ಮ್ಯೂಟ್ ಮಾಡಿದರೆ ಸಾಕು, ಅವರಿಗೆ ತಿಳಿಯುವುದಿಲ್ಲ. ಬೇಡದ ವಿಡಿಯೊ ಬಂದಾಗ ತಳ್ಳಿ ಮುಂದೆ ಹೋಗುವ ಬದಲು 'ಆಸಕ್ತಿಯಿಲ್ಲ' ಎಂಬ ಆಯ್ಕೆ ಒತ್ತಲಿ. ಫೀಡ್ ಪೂರ್ತಿ ಕೆಟ್ಟಿದ್ದರೆ ಇನ್‌ಸ್ಟಾಗ್ರಾಮಿನಲ್ಲಿ ಸಲಹೆಗಳನ್ನು ಅಳಿಸಿ ಹೊಸದಾಗಿ ಶುರುಮಾಡುವ ಅವಕಾಶವಿದೆ. ಯೂಟ್ಯೂಬಿನಲ್ಲಿ ವೀಕ್ಷಣೆಯ ಇತಿಹಾಸವನ್ನು ಅಳಿಸಿ, ದಾಖಲಿಸುವುದನ್ನೂ ನಿಲ್ಲಿಸಿದರೆ ಮುಖಪುಟದ ಶಿಫಾರಸುಗಳೇ ಖಾಲಿಯಾಗುತ್ತವೆ. ಆಗ ಬೇಕಾದದ್ದನ್ನು ಹುಡುಕಿಯೇ ನೋಡಬೇಕು. ಹುಡುಕುವ ಆ ಎರಡು ಸೆಕೆಂಡು ಬಹಳ ಕೆಲಸ ಮಾಡುತ್ತದೆ.

ಖಾಲಿಯಾದ ಜಾಗವನ್ನು ತುಂಬುವುದನ್ನು ಮರೆಯಬೇಡಿ. ಮಗುವಿಗೆ ನಿಜವಾಗಿ ಇಷ್ಟವಿರುವ ಮೂರು ವಿಷಯಗಳನ್ನು ಕೇಳಿ: ಚಿತ್ರ ಬಿಡಿಸುವುದೋ, ಆಕಾಶವೋ, ಚೆಸ್ಸೋ, ಬೈಕಿನ ಎಂಜಿನ್ನೋ. ಅವುಗಳನ್ನು ಹುಡುಕಿ, ಒಂದೊಂದರಲ್ಲಿ ನಾಲ್ಕೈದು ಒಳ್ಳೆಯ ಖಾತೆ ಸೇರಿಸಿ, ಅವುಗಳ ವಿಡಿಯೊಗಳನ್ನು ಕೊನೆಯವರೆಗೂ ನೋಡಲಿ. ಕೆಲವೇ ದಿನಗಳಲ್ಲಿ ಫೀಡಿನ ಬಣ್ಣ ಬದಲಾಗುವುದು ಕಣ್ಣಿಗೇ ಕಾಣುತ್ತದೆ. ಇದನ್ನು ತಿಂಗಳಿಗೊಮ್ಮೆ ಮಾಡುತ್ತಿರಬೇಕು. ಕಳೆ ತೆಗೆದ ಹೊಲದಲ್ಲಿ ಮತ್ತೆ ಕಳೆ ಹುಟ್ಟುವಂತೆ ಇಲ್ಲಿಯೂ ಹುಟ್ಟುತ್ತದೆ.

ಎಚ್ಚರಿಕೆಯ ಗುರುತು: ಉಪವಾಸ, ಕೈ ಕೊಯ್ದುಕೊಳ್ಳುವುದು, ಸಾವು ಇವುಗಳ ವಿಡಿಯೊಗಳು ಸಾಲಾಗಿ ಬರುತ್ತಿದ್ದರೆ ಅದನ್ನು ಸೆಟ್ಟಿಂಗ್ಸಿನ ತೊಂದರೆ ಎಂದು ತಳ್ಳಿಹಾಕಬೇಡಿ. ಮಗು ಅವುಗಳ ಮೇಲೆ ನಿಂತು ನೋಡಿದೆ. ಫೋನ್ ಬದಿಗಿಟ್ಟು ಮಗುವನ್ನು ಕೇಳಿ.

## ಹಂತ 6: ಈಗ ಒಪ್ಪಂದ, ಈಗ ಸಮಯದ ಮಿತಿ

ಇಷ್ಟು ಹೊತ್ತಿಗೆ ಮೂರು ವಾರ ಕಳೆದಿರುತ್ತದೆ. ಮಗು ಸ್ವಲ್ಪ ಹೆಚ್ಚು ನಿದ್ದೆ ಮಾಡಿರುತ್ತದೆ, ನಿಮ್ಮೊಡನೆ ಎರಡು ಮೂರು ಸಲ ಜಗಳವಿಲ್ಲದೆ ಮೊಬೈಲಿನ ಬಗ್ಗೆ ಮಾತಾಡಿರುತ್ತದೆ. ಮಿತಿಯ ಮಾತು ಈಗ ಗಟ್ಟಿಯಾಗಿ ನೆಲೆಯೂರುತ್ತದೆ.

ಒಂದೇ ಪುಟ. ಮೊದಲ ಕರಡನ್ನು ಮಗು ಬರೆಯಲಿ. ಮಕ್ಕಳು ತಮಗೆ ತಾವೇ ಹಾಕಿಕೊಳ್ಳುವ ನಿಯಮ ಎಷ್ಟೋ ಸಲ ನಾವು ಯೋಚಿಸಿದ್ದಕ್ಕಿಂತ ಬಿಗಿಯಾಗಿರುತ್ತದೆ, ಆಗ ನೀವೇ ಸಡಿಲಿಸಬೇಕಾಗುತ್ತದೆ.

ಒಪ್ಪಂದದ ಮೊದಲ ಸಾಲು ಇದೇ ಆಗಿರಬೇಕು, ಇದರಲ್ಲಿ ಚೌಕಾಸಿ ಬೇಡ: 'ಆನ್‌ಲೈನಿನಲ್ಲಿ ಏನೇ ಕೆಟ್ಟದ್ದು ನಡೆದರೂ, ನನ್ನದೇ ತಪ್ಪಿದ್ದರೂ, ನಾನು ಬಂದು ಹೇಳಿದರೆ ಮೊಬೈಲ್ ಕಸಿದುಕೊಳ್ಳುವುದಿಲ್ಲ.' ಮಕ್ಕಳು ಬಾಯಿ ಬಿಡದಿರಲು ದೊಡ್ಡ ಕಾರಣ ಮೊಬೈಲ್ ಹೋಗುತ್ತದೆ ಎಂಬ ಭಯ. ಆ ಭಯ ಉಳಿದರೆ ಮುಂದಿನ ಹಂತ ಪೂರ್ತಿ ವ್ಯರ್ಥ.

ಮಿತಿಯನ್ನು ನಿಮಿಷಗಳಲ್ಲಿ ಕಟ್ಟುವುದಕ್ಕಿಂತ ಹೊತ್ತು ಮತ್ತು ಜಾಗದಲ್ಲಿ ಕಟ್ಟಿ. ಊಟದ ಹೊತ್ತು, ಓದುವ ಹೊತ್ತು, ಮಲಗುವ ಕೋಣೆ, ಶೌಚಾಲಯ ಇಲ್ಲಿ ಮೊಬೈಲ್ ಇಲ್ಲ. ನಿಮಿಷ ಎಣಿಸುವ ಮನೆಯಲ್ಲಿ ದಿನವೂ ಹಗ್ಗಜಗ್ಗಾಟ: ಇನ್ನೂ ನಾಲ್ಕು ನಿಮಿಷ ಇದೆ, ಅದು ಹೋಂವರ್ಕಿನ ಸಮಯ, ಇದು ಲೆಕ್ಕಕ್ಕಿಲ್ಲ. ಜಾಗದ ನಿಯಮಕ್ಕೆ ಲೆಕ್ಕಗಾರ ಬೇಡ. ಆದರೂ ಗುರಿಯಿಲ್ಲದೆ ನೋಡುವ ಒಂದೆರಡು ಆ್ಯಪ್‌ಗಳಿಗೆ ಮಾತ್ರ ದಿನದ ಮಿತಿಯನ್ನು ಫೋನಿನಲ್ಲಿಯೇ ಹಾಕಿ. ಗಮನಿಸಿದ ವಾರದ ಲೆಕ್ಕದಿಂದ ಕಾಲುಭಾಗ ಕಡಿತ ಸಾಕು. ಅರ್ಧಕ್ಕರ್ಧ ಇಳಿಸಿದ ಮನೆಗಳಲ್ಲಿ ಅದು ನಿಂತದ್ದನ್ನು ನಾನು ಕಂಡಿಲ್ಲ.

ತೆರವಾದ ಸಮಯದಲ್ಲಿ ಏನು ಎಂಬುದೂ ಅದೇ ಪುಟದಲ್ಲಿ ಇರಲಿ. 'ಓದು' ಎಂದು ಬರೆದರೆ ಅದು ಶಿಕ್ಷೆಯಾಗುತ್ತದೆ. ಆಟ, ನಡಿಗೆ, ಗೆಳೆಯರನ್ನು ಮನೆಗೆ ಕರೆಯುವುದು, ಏನೂ ಮಾಡದೆ ಕೂರುವುದು ಕೂಡ ಆದೀತು.

ವಯಸ್ಸಿಗೆ ತಕ್ಕಂತೆ ಬಿಗಿಯಲ್ಲಿ ವ್ಯತ್ಯಾಸ ಇರಬೇಕು. ಅಮೆರಿಕದ ಮನೋವಿಜ್ಞಾನಿಗಳ ಸಂಘವು 2023ರ ತನ್ನ ಸಲಹೆಯಲ್ಲಿ, ಸುಮಾರು 10ರಿಂದ 14ರ ವಯಸ್ಸಿನವರಿಗೆ ಹಿರಿಯರ ಮೇಲ್ವಿಚಾರಣೆ ಬೇಕು, ಮಕ್ಕಳು ಕೌಶಲ ಗಳಿಸಿದಂತೆ ಅವರ ಸ್ವಾತಂತ್ರ್ಯ ಹಿಗ್ಗಬಹುದು ಎಂದು ಹೇಳಿದೆ. ಮಗುವಿನ ಖಾಸಗಿತನಕ್ಕೂ ಜಾಗ ಇರಲಿ ಎನ್ನುತ್ತದೆ. ಹದಿಮೂರರ ಮಗುವಿಗೆ ಹೊಸ ಆ್ಯಪ್ ಹಾಕುವ ಮೊದಲು ಕೇಳಬೇಕೆಂಬ ನಿಯಮ ಸರಿ. ಹದಿನೇಳರವರಿಗೆ ಅದೇ ನಿಯಮ ಅವಮಾನ.

ನಿಯಮ ಮುರಿದರೆ ಏನು ಎಂಬುದನ್ನು ಸಿಟ್ಟಿಲ್ಲದ ಈ ಹೊತ್ತಿನಲ್ಲಿಯೇ ತೀರ್ಮಾನಿಸಿ. ಅದು ಚಿಕ್ಕದಾಗಿರಲಿ, ಮರುದಿನಕ್ಕೆ ಮುಗಿಯಲಿ. ಒಂದು ತಿಂಗಳ ಶಿಕ್ಷೆ ಎಂದರೆ ಎರಡನೆಯ ದಿನದ ಹೊತ್ತಿಗೆ ಮಗುವಿಗೆ ಕಳೆದುಕೊಳ್ಳಲು ಏನೂ ಉಳಿದಿರುವುದಿಲ್ಲ. ನಿಮ್ಮ ಪಾಲಿನ ಸಾಲುಗಳನ್ನೂ ಬರೆಯಿರಿ: ಮಾತಾಡುವಾಗ ಮೊಬೈಲ್ ನೋಡುವುದಿಲ್ಲ, ಮಗುವಿನ ಚಿತ್ರವನ್ನು ಅದನ್ನು ಕೇಳದೆ ಎಲ್ಲಿಯೂ ಹಾಕುವುದಿಲ್ಲ. ಕೊನೆಯಲ್ಲಿ ಮರುಪರಿಶೀಲನೆಯ ದಿನಾಂಕ. ದಿನಾಂಕವಿಲ್ಲದ ಒಪ್ಪಂದ ಗೋಡೆಯ ಮೇಲೆ ಬಣ್ಣಗೆಡುತ್ತದೆ.

## ಹಂತ 7: ಕೆಟ್ಟ ದಿನಗಳಿಗೆ ತಾಲೀಮು

ಬೆಂಕಿ ಬಿದ್ದಾಗ ಓಡುವ ದಾರಿಯನ್ನು ಬೆಂಕಿ ಬೀಳುವ ಮೊದಲೇ ಕಲಿಸುತ್ತಾರೆ. ಇಲ್ಲಿಯೂ ಹಾಗೆಯೇ. ಮೂರು ಸಂದರ್ಭಗಳನ್ನು ಕಲ್ಪಿಸಿಕೊಂಡು 'ಹೀಗಾದರೆ ಏನು ಮಾಡುತ್ತೀಯಾ?' ಎಂದು ಕೇಳಿ, ಮಗುವಿನ ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಿ.

ಗ್ರೂಪಿನಲ್ಲಿ ಹೀಯಾಳಿಕೆ. ಉತ್ತರ ಕೊಡಬೇಡ, ಸ್ಕ್ರೀನ್‌ಶಾಟ್ ತೆಗೆದಿಡು, ಗ್ರೂಪ್ ಬಿಡು ಅಥವಾ ಅವರನ್ನು ಬ್ಲಾಕ್ ಮಾಡು, ಬಂದು ಹೇಳು. ಈ ಕ್ರಮ ತಪ್ಪಬಾರದು. ಮೊದಲೇ ಬ್ಲಾಕ್ ಮಾಡಿ ಗ್ರೂಪ್ ಬಿಟ್ಟರೆ ಸಾಕ್ಷ್ಯ ಕೈತಪ್ಪಬಹುದು. ಇನ್ನೊಬ್ಬರನ್ನು ಹೀಯಾಳಿಸುವ ಗ್ರೂಪಿನಲ್ಲಿ ನಿಮ್ಮ ಮಗು ಸುಮ್ಮನೆ ಕುಳಿತಿರುವ ಸಾಧ್ಯತೆಯೂ ಇದೆ. ಹಾಗಿದ್ದರೆ ನೊಂದವರಿಗೆ ಖಾಸಗಿಯಾಗಿ 'ನಾನು ನಿನ್ನ ಜೊತೆಗಿದ್ದೇನೆ' ಎಂದು ಒಂದು ಸಾಲು ಕಳಿಸುವುದನ್ನು ಕಲಿಸಿ.

ಅಪರಿಚಿತರ ಸಲಿಗೆ. ಅವರ ನಡೆಗೆ ಒಂದು ಮಾದರಿ ಇದೆ: ಹೊಗಳಿಕೆ, ಉಡುಗೊರೆ ಅಥವಾ ಆಟದ ನಾಣ್ಯಗಳು, ಬೇರೆ ಆ್ಯಪ್‌ಗೆ ಬಾ ಎಂಬ ಕರೆ, 'ಮನೆಯಲ್ಲಿ ಹೇಳಬೇಡ' ಎಂಬ ಮಾತು, ಫೋಟೊ ಕೇಳುವುದು. 'ಮನೆಯಲ್ಲಿ ಹೇಳಬೇಡ' ಎಂದವರು ಯಾರೇ ಆಗಿರಲಿ, ಅದೇ ಹೇಳಬೇಕಾದ ಹೊತ್ತು ಎಂದು ಮಗುವಿಗೆ ಬಾಯಿಪಾಠವಾಗಿರಲಿ.

ಖಾಸಗಿ ಚಿತ್ರದ ಬೆದರಿಕೆ. ಇದರ ಬಗ್ಗೆ ಮಾತಾಡಲು ಮುಜುಗರವಾಗುತ್ತದೆ, ಆದರೂ ಮಾತಾಡಿ. ಚೆಲುವೆಯೊಬ್ಬಳ ಹೆಸರಿನಲ್ಲಿ ಸ್ನೇಹ ಬೆಳೆಸಿ, ಚಿತ್ರ ಪಡೆದು, ಹಣ ಕೊಡದಿದ್ದರೆ ಎಲ್ಲರಿಗೂ ಕಳಿಸುತ್ತೇವೆ ಎಂದು ಹೆದರಿಸುವ ಜಾಲಗಳಿವೆ. ಹಣ ಸುಲಿಯುವ ಈ ಬಗೆಯಲ್ಲಿ ಹದಿಹರೆಯದ ಹುಡುಗರೇ ಹೆಚ್ಚು ಸಿಲುಕುತ್ತಿದ್ದಾರೆ. ಮಗು ಏನನ್ನೂ ಕಳಿಸದಿದ್ದರೂ, ಸಾಮಾನ್ಯ ಫೋಟೊದಿಂದ ಕೃತಕ ಬುದ್ಧಿಮತ್ತೆಯಲ್ಲಿ ನಕಲಿ ನಗ್ನಚಿತ್ರ ಮಾಡಿ ಹೆದರಿಸುವುದೂ ನಡೆದಿದೆ. ಬೆದರಿಕೆಯ ಮೊದಲ ಗಂಟೆಗಳಲ್ಲಿ ಮಗು ಜಗತ್ತೇ ಮುಗಿಯಿತು ಎಂದುಕೊಳ್ಳುತ್ತದೆ, ಜೀವ ಕಳೆದುಕೊಂಡ ಮಕ್ಕಳೂ ಇದ್ದಾರೆ. ಅದಕ್ಕೇ ಮೊದಲೇ ಹೇಳಿಡಬೇಕು.

ಆಗ ಮಾಡಬೇಕಾದದ್ದು ಹೀಗೆ. ಹಣ ಕೊಡಬೇಡಿ, ಕೊಟ್ಟರೆ ಬೇಡಿಕೆ ಏರುತ್ತಲೇ ಹೋಗುತ್ತದೆ. ಇನ್ನೊಂದು ಚಿತ್ರ ಕಳಿಸಬೇಡಿ. ಮಾತುಕತೆಯನ್ನು ಅಳಿಸಬೇಡಿ. ಬೆದರಿಕೆಯ ಸಂದೇಶ, ಆ ಖಾತೆಯ ಹೆಸರು, ಹಣ ಕೇಳಿದ ವಿವರ ಇವುಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಮಗುವಿನ ಚಿತ್ರವನ್ನು ಮಾತ್ರ ಯಾರಿಗೂ, ಬಂಧುಗಳಿಗೂ ಕಳಿಸಬೇಡಿ. ಉತ್ತರ ನಿಲ್ಲಿಸಿ, ಜಾಲತಾಣದಲ್ಲಿ ವರದಿ ಮಾಡಿ, ಬ್ಲಾಕ್ ಮಾಡಿ, ಸೈಬರ್ ಪೊಲೀಸರಿಗೆ ದೂರು ಕೊಡಿ. 18 ತುಂಬುವ ಮೊದಲು ತೆಗೆದ ಚಿತ್ರಗಳಿಗೆ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯಿದೆ. ಕಾಣೆಯಾದ ಮತ್ತು ಶೋಷಿತ ಮಕ್ಕಳಿಗಾಗಿ ಇರುವ ಅಮೆರಿಕದ ರಾಷ್ಟ್ರೀಯ ಕೇಂದ್ರ ಅದನ್ನು ನಡೆಸುತ್ತದೆ. ಚಿತ್ರ ನಿಮ್ಮ ಫೋನಿನಿಂದ ಹೊರಗೆ ಹೋಗುವುದಿಲ್ಲ. ಅದರ ಬೆರಳಚ್ಚಿನಂಥ ಒಂದು ಸಂಕೇತ ಮಾತ್ರ ಹೋಗುತ್ತದೆ, ಸೇವೆಯಲ್ಲಿ ಸೇರಿರುವ ಜಾಲತಾಣಗಳು ಅದನ್ನು ಹಿಡಿದು ಚಿತ್ರವನ್ನು ಪತ್ತೆಹಚ್ಚಿ ತೆಗೆಯಬಲ್ಲವು. ಹೆಸರು ಹೇಳಬೇಕಿಲ್ಲ.

ಮಗು ಬಂದು ಹೇಳಿದಾಗ ನಿಮ್ಮ ಬಾಯಿಂದ ಬರುವ ಮೊದಲ ಮಾತನ್ನೂ ತಾಲೀಮು ಮಾಡಿಕೊಳ್ಳಿ. 'ಹೇಳಿದ್ದು ಒಳ್ಳೆಯದಾಯಿತು. ಇದನ್ನು ಇಬ್ಬರೂ ಸೇರಿ ನೋಡೋಣ.' ಏಕೆ ಕಳಿಸಿದೆ ಎಂಬ ಪ್ರಶ್ನೆ ಅಂದು ಬೇಡ. ಅಂದು ರಾತ್ರಿ ಮಗುವನ್ನು ಒಂಟಿಯಾಗಿ ಬಿಡಬೇಡಿ.

## ಹಂತ 8: ಹಗ್ಗ ಬಿಡುತ್ತ ಹೋಗಿ

ಎರಡು ತಿಂಗಳಿಗೊಮ್ಮೆ ಒಪ್ಪಂದದ ಪುಟ ತೆರೆಯಿರಿ. ಚೆನ್ನಾಗಿ ನಡೆದ ಒಂದು ನಿಯಮವನ್ನು ಸಡಿಲಿಸಿ, ಅಗತ್ಯ ಕಂಡರೆ ಒಂದನ್ನು ಸೇರಿಸಿ. ಸಡಿಲವಾಗುವುದು ಕಣ್ಣಿಗೆ ಕಂಡರೆ ಮಾತ್ರ ಮಗು ನಿಯಮವನ್ನು ತನ್ನದೆಂದು ಕಾಯುತ್ತದೆ. ಹದಿನೆಂಟು ತುಂಬುವ ದಿನ ಒಮ್ಮೆಲೇ ಎಲ್ಲವೂ ಕೈಗೆ ಬಂದರೆ ಅದನ್ನು ಹಿಡಿಯುವ ಅಭ್ಯಾಸ ಅದಕ್ಕೆ ಇರುವುದಿಲ್ಲ.

## ವೈದ್ಯರನ್ನು ಕಾಣಬೇಕಾದ ಗುರುತುಗಳು

ಎರಡು ವಾರಕ್ಕೂ ಹೆಚ್ಚು ಕಾಲ ಮಂಕು ಅಥವಾ ಸಿಡುಕು, ಮೊದಲು ಇಷ್ಟವಿದ್ದ ಆಟ ಮತ್ತು ಗೆಳೆಯರಲ್ಲಿ ನಿರಾಸಕ್ತಿ, ಊಟ ಬಿಡುವುದು ಅಥವಾ ಗುಟ್ಟಾಗಿ ತಿನ್ನುವುದು, ಶಾಲೆ ತಪ್ಪಿಸುವುದು, ಅಂಕಗಳಲ್ಲಿ ದಿಢೀರ್ ಕುಸಿತ. ನೀವು ಕೋಣೆಗೆ ಬಂದೊಡನೆ ಪರದೆ ಬದಲಾಗುವುದು ಒಂದೇ ಆದರೆ ಅದು ವಯಸ್ಸಿನ ಸಹಜ ಗುಟ್ಟು ಇರಬಹುದು, ಇವುಗಳ ಜೊತೆ ಸೇರಿದರೆ ಬೇರೆ ಮಾತು. ಬಿಸಿಲಿನಲ್ಲಿಯೂ ತುಂಬುತೋಳು ಹಾಕಿಕೊಂಡು ಕೈ ಮುಚ್ಚುತ್ತಿದ್ದರೆ ಕೇಳಿ. ಸಾಯಬೇಕೆನ್ನಿಸುತ್ತದೆ ಎಂದು ಮಗು ಹೇಳಿದರೆ, ತಮಾಷೆಯ ದನಿಯಲ್ಲಿ ಹೇಳಿದರೂ, ಅಂದೇ ವೈದ್ಯರ ಬಳಿಗೆ ಅಥವಾ ಮಾನಸಿಕ ಆರೋಗ್ಯದ ಸಹಾಯವಾಣಿಗೆ ಹೋಗಬೇಕು. ನೇರವಾಗಿ ಕೇಳಿದರೆ ಆ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಎಂಬ ಹೆದರಿಕೆ ಬೇಡ, ಹಾಗಾಗುವುದಿಲ್ಲ.

## ನಿಯಮ ಮುರಿದಾಗ ಎಲ್ಲಿಗೆ ಮರಳಬೇಕು

ಮುರಿಯುತ್ತದೆ, ಪರೀಕ್ಷೆ ಮುಗಿದ ವಾರದಲ್ಲೋ ರಜೆಯಲ್ಲೋ. ಆಗ ಹೊಸ ನಿಯಮ ಹುಟ್ಟಿಸಬೇಡಿ. ರಾತ್ರಿ ಮೊಬೈಲ್ ಮತ್ತೆ ಕೋಣೆಗೆ ಹೋಗಿದ್ದರೆ ಎರಡನೆಯ ಹಂತಕ್ಕೆ ಮರಳಿ, ಮೊದಲು ನಿಮ್ಮ ಮೊಬೈಲ್ ಎಲ್ಲಿದೆ ನೋಡಿಕೊಳ್ಳಿ. ಗಂಟೆಗಳು ಏರಿದ್ದರೆ ಐದನೆಯ ಹಂತಕ್ಕೆ ಮರಳಿ: ಫೀಡಿನಲ್ಲಿ ಹೊಸದೇನೋ ಸೇರಿಕೊಂಡಿರುತ್ತದೆ. ಗುಟ್ಟಿನ ಖಾತೆ ಸಿಕ್ಕಿದರೆ ಅದನ್ನು ಅಳಿಸುವ ಮೊದಲು, ಮೊದಲ ಖಾತೆಯಲ್ಲಿ ಹೇಳಲಾಗದ್ದು ಏನಿತ್ತು ಎಂದು ಕೇಳಿ. ಕೆಲವೊಮ್ಮೆ ಉತ್ತರ, ಆ ಖಾತೆಯಲ್ಲಿ ನೀವು ಮತ್ತು ಬಂಧುಗಳೆಲ್ಲ ಇದ್ದೀರಿ ಎಂಬುದಷ್ಟೇ ಆಗಿರುತ್ತದೆ. ಹಾಗಿದ್ದರೆ ಬಂಧುಗಳು ಅಲ್ಲಿಂದ ಹೊರಬರಲಿ, ಆಪ್ತ ಗೆಳೆಯರಿಗಷ್ಟೇ ಕಾಣುವ ಪಟ್ಟಿಯನ್ನು ಮೊದಲ ಖಾತೆಯಲ್ಲಿಯೇ ಮಾಡಿಕೊಡಿ, ಎರಡನೆಯದನ್ನು ಮಗುವೇ ಮುಚ್ಚಲಿ.